ಮನೆಯ ಜಾಲದಲ್ಲಿ ಎರಡನೆಯ ರೌಟರ್: ಒಂದು ಐತಿಹಾಸಿಕ ವಿವೇಚನೆ

1. ಪ್ರಸ್ತಾವನೆ

ಅಂತರ್ಜಾಲವು ಇಂದು ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಗ್ರಂಥಾಲಯದಷ್ಟೇ ಅವಶ್ಯಕವಾದ ಸಾಧನವಾಗಿ ಪರಿಣಮಿಸಿದೆ. ‘ಎಪಿಗ್ರಾಫಿಯ ಕರ್ನಾಟಿಕ’ದ ಹಳೆಯ ಸಂಪುಟವೊಂದನ್ನು ತೆರೆದು ನೋಡುವುದಕ್ಕೂ, ದೂರದ ಊರಿನಲ್ಲಿರುವ ಮಾರ್ಗದರ್ಶಕರೊಡನೆ ಪ್ರಬಂಧದ ಕರಡನ್ನು ಚರ್ಚಿಸುವುದಕ್ಕೂ ಈಗ ಮನೆಯ ಹೊಸ್ತಿಲನ್ನು ದಾಟಬೇಕಾಗಿಲ್ಲ. ಆದರೆ ಮನೆಯೊಳಗೆ ಈ ಸೌಕರ್ಯವು ಎಲ್ಲ ಕೋಣೆಗಳಿಗೂ ಸಮನಾಗಿ ದೊರೆಯುವುದಿಲ್ಲವೆಂಬುದು ಅನೇಕರ ಅನುಭವ. ಸಂಪರ್ಕದ ತಂತಿಯು ಬೀದಿಯ ಕಡೆಯಿಂದ ಬರುವುದರಿಂದ ರೌಟರೆಂಬ ಯಂತ್ರವು ಸಾಮಾನ್ಯವಾಗಿ ಮುಂದಿನ ಹಜಾರದಲ್ಲಿ ನೆಲೆಗೊಳ್ಳುತ್ತದೆ. ಓದುವ ಕೋಣೆಯಾದರೋ ಹಿತ್ತಲ ಕಡೆಗೋ ಮಹಡಿಯ ಮೇಲೋ ಇರುತ್ತದೆ. ಹಳೆಯ ಮನೆಗಳಲ್ಲಿ ನಡುವೆ ದಪ್ಪನೆಯ ಗಾರೆಯ ಗೋಡೆಗಳು ಎರಡು ಮೂರು ಇರುವುದುಂಟು. ಅವುಗಳನ್ನು ದಾಟಿ ಬರುವಷ್ಟರಲ್ಲಿ ಅಲೆಯು ಸೊರಗಿಹೋಗುತ್ತದೆ.

ಇಂಥ ಸಂದರ್ಭದಲ್ಲಿ ಎಲ್ಲರಿಗೂ ಹೊಳೆಯುವ ಉಪಾಯವೆಂದರೆ ಇನ್ನೊಂದು ರೌಟರನ್ನು ತಂದು ಹಿಂದಿನ ಕೋಣೆಯಲ್ಲಿಡುವುದು. ಉಪಾಯವೇನೋ ಸರಿಯಾದುದೇ. ಪ್ರಕೃತ ಲೇಖಕನೂ ವಿಚಾರಗೋಷ್ಠಿಯೊಂದಕ್ಕೆ ಮನೆಯಿಂದ ಪ್ರಬಂಧವನ್ನು ಓದುತ್ತಿದ್ದಾಗ ಸಂಪರ್ಕವು ನಡುವೆಯೇ ಕಡಿದುಹೋದ ಮೇಲೆ ಹಾಗೆಯೇ ಮಾಡಿದನು. ಹಿಂದಿನ ಕೋಣೆಯಲ್ಲಿ ಅಲೆಯೇನೋ ಬಲವಾಯಿತು. ಆದರೆ ಒಂದು ಮನೆಯು ಎರಡಾಯಿತು. ಹಜಾರದಲ್ಲಿದ್ದವರ ದೂರವಾಣಿಗೆ ಹಿಂದಿನ ಕೋಣೆಯ ಮುದ್ರಣಯಂತ್ರವು ಕಾಣದೆಹೋಯಿತು. ಜೋಡಣೆಯನ್ನು ಬದಲಿಸಿ ನೋಡಿದರೆ, ಬೆಳಗ್ಗೆ ನಡೆದ ಸಂಪರ್ಕವು ಸಂಜೆ ನಡೆಯದಾಯಿತು.

ಈ ತೊಡಕಿಗೆ ಕಾರಣ ಯಂತ್ರದ ದೋಷವಲ್ಲ, ಯಂತ್ರದ ಇತಿಹಾಸ. ರೌಟರಿನಲ್ಲಿ ಬೇರೆ ಬೇರೆ ಕಾಲಗಳಲ್ಲಿ, ಬೇರೆ ಬೇರೆ ಅವಶ್ಯಕತೆಗಳಿಂದ ಹುಟ್ಟಿದ ಕೆಲವು ವ್ಯವಸ್ಥೆಗಳು ಒಂದೇ ಪೆಟ್ಟಿಗೆಯಲ್ಲಿ ಸೇರಿಕೊಂಡಿವೆ. ಎರಡನೆಯ ರೌಟರಿನಿಂದ ನಮಗೆ ಬೇಕಾದುದು ಅವುಗಳಲ್ಲಿ ಒಂದು ಮಾತ್ರ. ಉಳಿದವುಗಳನ್ನು ಸುಮ್ಮನಿರಿಸದಿದ್ದರೆ ತೊಂದರೆ ತಪ್ಪದು. ಇದನ್ನು ಸ್ಪಷ್ಟಪಡಿಸುವುದೇ ಈ ಲೇಖನದ ಉದ್ದೇಶ.

2. ಒಂದು ಪೆಟ್ಟಿಗೆ, ಮೂರು ಉದ್ಯೋಗ

ಮನೆಯ ರೌಟರು ಮುಖ್ಯವಾಗಿ ಮೂರು ಉದ್ಯೋಗಗಳನ್ನು ನಡೆಸುತ್ತದೆ. ಮೊದಲನೆಯದಾಗಿ, ಅದೊಂದು ಕಿರಿಯ ಬಾನುಲಿ ಕೇಂದ್ರ. ವೈಫೈ ಎಂದು ನಾವು ಕರೆಯುವ ನಿಸ್ತಂತು ಅಲೆಗಳನ್ನು ಕಳುಹಿಸುವುದೂ ಸ್ವೀಕರಿಸುವುದೂ ಅದರ ಕೆಲಸ. ಎರಡನೆಯದಾಗಿ, ಮನೆಯ ಪ್ರತಿಯೊಂದು ಗಣಕಕ್ಕೂ ದೂರವಾಣಿಗೂ ಒಂದೊಂದು ವಿಳಾಸವನ್ನು ಬರೆದುಕೊಟ್ಟು, ಯಾರಿಗೆ ಯಾವುದನ್ನು ಕೊಟ್ಟೆನೆಂಬ ಲೆಕ್ಕವನ್ನು ಇಟ್ಟಿರುತ್ತದೆ. ಈ ಕೆಲಸದಲ್ಲಿ ಅದನ್ನು ಹಳ್ಳಿಯ ಶಾನುಭೋಗನಿಗೆ ಹೋಲಿಸಬಹುದು. ಮೂರನೆಯದಾಗಿ, ಮನೆಯ ಜಾಲಕ್ಕೂ ಹೊರಗಿನ ಅಂತರ್ಜಾಲಕ್ಕೂ ನಡುವೆ ನಿಂತು, ಹೋಗುವ ಬರುವ ಸಂದೇಶಗಳನ್ನೆಲ್ಲ ತಡೆದು ನೋಡಿ, ವಿಳಾಸ ಬದಲಿಸಿ ಬಿಡುತ್ತದೆ. ಈ ಕೆಲಸದಲ್ಲಿ ಅದು ಸುಂಕದ ಕಟ್ಟೆಯಂತಿದೆ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ ಮೊದಲಾದ ಸುಂಕಗಳ ಹೆಸರುಗಳನ್ನು ಓದಿದವರಿಗೆ, ಸರಕು ಗಡಿಯಲ್ಲಿ ನಿಲ್ಲುವುದೆಂದರೇನೆಂಬುದನ್ನು ವಿವರಿಸಬೇಕಾಗಿಲ್ಲ.

ಬಾನುಲಿ ಕೇಂದ್ರ, ಶಾನುಭೋಗ, ಸುಂಕದ ಕಟ್ಟೆ ಎಂಬ ಈ ಮೂರು ಉದ್ಯೋಗಗಳಿಗೂ ಪ್ರತ್ಯೇಕವಾದ ಚರಿತ್ರೆಗಳಿವೆ.

3. ಅಲೆಗಳ ಚರಿತ್ರೆ

ಮನೆಯಲ್ಲಿ ಪ್ರಸಾರಯಂತ್ರವನ್ನಿಡುವ ಸಂಗತಿಯು ಕನ್ನಡನಾಡಿಗೆ ಹೊಸದಲ್ಲ. ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವನ್ನು ಆರಂಭಿಸಿದುದೂ, ‘ಆಕಾಶವಾಣಿ’ ಎಂಬ ಹೆಸರು ಆ ಕೇಂದ್ರದೊಡನೆ ಬಳಕೆಗೆ ಬಂದುದೂ ಪ್ರಸಿದ್ಧವಾದ ಸಂಗತಿಗಳು. ಆದರೆ ಅಂಥ ಸಾಹಸವು ಬಹು ಅಪರೂಪವಾಗಿತ್ತು. ಬ್ರಿಟಿಷ್ ಇಂಡಿಯದಲ್ಲಿ 1933ರ ನಿಸ್ತಂತು ಟೆಲಿಗ್ರಾಫಿ ಕಾಯಿದೆಯು ಅನುಮತಿಪತ್ರವಿಲ್ಲದೆ ನಿಸ್ತಂತು ಉಪಕರಣವನ್ನು ಇಟ್ಟುಕೊಳ್ಳುವುದನ್ನೇ ನಿಷೇಧಿಸಿತ್ತು. ಬರಿಯ ರೇಡಿಯೋ ಕೇಳುವುದಕ್ಕೂ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಪರವಾನಗಿ ಪಡೆಯಬೇಕಾಗಿದ್ದುದು ಹಿರಿಯರ ನೆನಪಿನಲ್ಲಿದೆ.

ಈ ಸ್ಥಿತಿಯಲ್ಲಿ ಮಹತ್ತ್ವದ ಬದಲಾವಣೆಯು ಮೊದಲು ಅಮೆರಿಕದಲ್ಲಾಯಿತು. ಅಲ್ಲಿಯ ಫೆಡರಲ್ ಸಂಪರ್ಕ ಆಯೋಗವು 1985ರಲ್ಲಿ 2.4 ಗಿಗಾಹರ್ಟ್ಸಿನ ಪಟ್ಟಿಯೂ ಸೇರಿದಂತೆ ಮೂರು ಆವರ್ತಾಂಕ ಪಟ್ಟಿಗಳನ್ನು, ಕೆಲವು ನಿಯಮಗಳಿಗೆ ಒಳಪಟ್ಟು, ಪರವಾನಗಿಯಿಲ್ಲದ ಸಂಪರ್ಕಕ್ಕೆ ತೆರೆದಿಟ್ಟಿತು. ಅಡಿಗೆಯ ಮೈಕ್ರೋವೇವ್ ಒಲೆಯೂ ಇದೇ ಪಟ್ಟಿಯಲ್ಲಿ ಕೆಲಸ ಮಾಡುವುದರಿಂದ, ಇತರ ಸೇವೆಗಳಿಗೆ ಇದರಲ್ಲಿ ಹೆಚ್ಚಿನ ಆದರವಿರಲಿಲ್ಲ. ಈ ಉಪೇಕ್ಷಿತ ಭೂಮಿಯಲ್ಲಿಯೇ 1997ರಲ್ಲಿ 802.11 ಎಂಬ ಸಂಖ್ಯೆಯ ಮಾನದಂಡವು ರೂಪುಗೊಂಡಿತು. ಅದರ ವೇಗ ಸೆಕೆಂಡಿಗೆ 2 ಮೆಗಾಬಿಟ್ ಮಾತ್ರ. 1999ರಲ್ಲಿ ಬಂದ ಎರಡು ಪರಿಷ್ಕರಣಗಳಲ್ಲಿ ಒಂದು ಅದನ್ನು 11 ಮೆಗಾಬಿಟ್ಟಿಗೆ ಏರಿಸಿತು. ಇನ್ನೊಂದು 5 ಗಿಗಾಹರ್ಟ್ಸಿನ ಪಟ್ಟಿಯನ್ನು ಬಳಸಿಕೊಂಡಿತು. ಭಾರತ ಸರ್ಕಾರವು 2005ರಲ್ಲಿ 2.4 ಗಿಗಾಹರ್ಟ್ಸಿನ ಪಟ್ಟಿಯನ್ನು ಪರವಾನಗಿಯಿಂದ ಮುಕ್ತಗೊಳಿಸಿತು. 2018ರಲ್ಲಿ 5 ಗಿಗಾಹರ್ಟ್ಸಿನ ಪಟ್ಟಿಯಲ್ಲಿಯೂ ಈ ಸ್ವಾತಂತ್ರ್ಯವನ್ನು ವಿಸ್ತರಿಸಿತು. ಮನೆಮನೆಯೂ ಇಂದು ಒಂದು ಪ್ರಸಾರ ಕೇಂದ್ರವಾಗಿರುವುದಕ್ಕೆ ಕಾನೂನಿನ ಆಧಾರವಿದು.

ಆದರೆ ಈ ಸ್ವಾತಂತ್ರ್ಯಕ್ಕೆ ಒಂದು ಮಿತಿಯುಂಟು. ಪರವಾನಗಿಯಿಲ್ಲದ ಪ್ರಸಾರದ ಶಕ್ತಿಗೆ ಕಾನೂನು ಎಲ್ಲೆ ಕಟ್ಟಿದೆ. ಮೇಲಾಗಿ ಅಲೆಯ ಗುಣವೂ ಗಣನೀಯ. 2.4 ಗಿಗಾಹರ್ಟ್ಸಿನ ಅಲೆಯ ತರಂಗಾಂತರ ಸುಮಾರು 12 ಸೆಂಟಿಮೀಟರು. 5 ಗಿಗಾಹರ್ಟ್ಸಿನದು ಅದರ ಅರ್ಧದಷ್ಟು. ಎರಡನೆಯದು ಹೆಚ್ಚು ವೇಗವನ್ನು ಕೊಡುವುದಾದರೂ ಗೋಡೆಗಳಲ್ಲಿ ಹೆಚ್ಚು ನಷ್ಟವಾಗುತ್ತದೆ. ಉಕ್ಕಿನ ಬೀರು ಅಲೆಯನ್ನು ಹಿಂದಕ್ಕೆ ತಳ್ಳುತ್ತದೆ; ನೀರಿನ ತೊಟ್ಟಿಯು ಅದನ್ನು ಹೀರಿಕೊಳ್ಳುತ್ತದೆ.

ಹಾಗಾದರೆ ಹೆಚ್ಚು ಶಕ್ತಿಯ ಒಂದೇ ರೌಟರನ್ನು ತಂದರಾಗದೇ ಎಂಬ ಪ್ರಶ್ನೆಯು ಏಳಬಹುದು. ಬಾನುಲಿಯಂತೆ ಇದು ಕೇಳುವ ಕೆಲಸ ಮಾತ್ರವಲ್ಲ, ಉತ್ತರ ಕೊಡುವ ಕೆಲಸವೂ ಹೌದು. ರೌಟರಿನ ದನಿ ಎಷ್ಟು ಗಟ್ಟಿಯಾದರೂ, ಅಂಗೈಯಲ್ಲಿರುವ ದೂರವಾಣಿಯ ಸಣ್ಣ ದನಿಯು ಆ ಗೋಡೆಗಳನ್ನೇ ದಾಟಿ ಹಿಂತಿರುಗಬೇಕು. ಆದುದರಿಂದ ದನಿಯನ್ನು ಏರಿಸುವುದಕ್ಕಿಂತ ದೂರವನ್ನು ಕಡಿಮೆ ಮಾಡುವುದೇ ಯುಕ್ತ. ಎರಡನೆಯ ರೌಟರಿನ ಪ್ರಯೋಜನವಿರುವುದು ಇಲ್ಲಿಯೇ, ಇಷ್ಟರಲ್ಲಿಯೇ.

4. ವಿಳಾಸಗಳ ಚರಿತ್ರೆ

ಇನ್ನುಳಿದ ಎರಡು ಉದ್ಯೋಗಗಳ ಮೂಲವನ್ನು ಅಂತರ್ಜಾಲದ ವಿಳಾಸ ಪದ್ಧತಿಯಲ್ಲಿ ಹುಡುಕಬೇಕು. 1981ರಲ್ಲಿ ಗೊತ್ತುಮಾಡಿ, 1983ರ ಜನವರಿ 1ರಂದು ಅಮೆರಿಕದ ಆರ್ಪಾನೆಟ್ ಜಾಲದಲ್ಲಿ ಜಾರಿಗೆ ತಂದ ಪದ್ಧತಿಯಲ್ಲಿ ಪ್ರತಿಯೊಂದು ವಿಳಾಸವೂ 32 ಬಿಟ್ಟುಗಳಷ್ಟು ಉದ್ದ. ಇದರಿಂದ ದೊರೆಯಬಹುದಾದ ವಿಳಾಸಗಳ ಒಟ್ಟು ಸಂಖ್ಯೆ 429 ಕೋಟಿ 49 ಲಕ್ಷ 67 ಸಾವಿರದ 296. ಕೆಲವು ನೂರು ಗಣಕಗಳಿದ್ದ ಆ ದಿನಗಳಲ್ಲಿ ಇದು ಅಕ್ಷಯಪಾತ್ರೆಯಂತೆ ತೋರಿದ್ದರೆ ಆಶ್ಚರ್ಯವಿಲ್ಲ. ಆದರೆ ಹತ್ತು ವರ್ಷ ಕಳೆಯುವುದರೊಳಗಾಗಿ ಪಾತ್ರೆಯ ತಳ ಕಾಣುವ ಲಕ್ಷಣಗಳು ತಲೆದೋರಿದವು.

ಆಗ 1994ರಲ್ಲಿ ಒಂದು ಉಪಾಯವು ಪ್ರಕಟವಾಯಿತು. ಒಂದು ಸಂಸ್ಥೆಯೊಳಗಿನ ಗಣಕಗಳೆಲ್ಲ ಒಳಗೆ ಮಾತ್ರ ಸಲ್ಲುವ ಖಾಸಗಿ ವಿಳಾಸಗಳನ್ನಿಟ್ಟುಕೊಳ್ಳಲಿ. ಗಡಿಯಲ್ಲಿರುವ ಯಂತ್ರವು ಅವುಗಳ ಸಂದೇಶಗಳ ಮೇಲೆ ತನ್ನ ಸಾರ್ವಜನಿಕ ವಿಳಾಸವನ್ನು ಬರೆದು ಹೊರಗೆ ಕಳುಹಿಸಲಿ. ಉತ್ತರ ಬಂದಾಗ ತನ್ನ ಪಟ್ಟಿಯನ್ನು ನೋಡಿ ಅವರವರಿಗೆ ಮುಟ್ಟಿಸಲಿ ಎಂಬುದು ಅದರ ತಾತ್ಪರ್ಯ. ಇದೇ ‘ನ್ಯಾಟ್’ ಎಂಬ ಸಂಕ್ಷಿಪ್ತ ನಾಮದಿಂದ ಪ್ರಸಿದ್ಧವಾದ ವಿಳಾಸಾಂತರ ಪದ್ಧತಿ. ಇದನ್ನು ಪ್ರತಿಪಾದಿಸಿದವರೇ ಇದನ್ನು ಅಲ್ಪಾವಧಿಯ ಪರಿಹಾರವೆಂದು ಭಾವಿಸಿದ್ದರೆಂಬುದು ಗಮನಾರ್ಹ. 1996ರಲ್ಲಿ ಖಾಸಗಿ ಉಪಯೋಗಕ್ಕಾಗಿ ಮೂರು ವಿಳಾಸ ಶ್ರೇಣಿಗಳನ್ನು ನಿಶ್ಚಯಿಸಿ ಪ್ರಕಟಿಸಲಾಯಿತು. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವ 192.168 ಎಂದು ಆರಂಭವಾಗುವ ವಿಳಾಸಗಳು ಇವುಗಳಲ್ಲಿ ಒಂದು ಶ್ರೇಣಿಗೆ ಸೇರಿದವು. ಒಂದೇ ವಿಳಾಸವು ಮೈಸೂರಿನ ಮನೆಯಲ್ಲಿಯೂ ಧಾರವಾಡದ ಮನೆಯಲ್ಲಿಯೂ ಇದ್ದರೆ ಬಾಧಕವಿಲ್ಲ. ಅದಕ್ಕೆ ಗಡಿಯ ಹೊರಗೆ ಬೆಲೆಯಿಲ್ಲ.

ಖಾಸಗಿ ವಿಳಾಸಗಳನ್ನು ಗಣಕಗಳಿಗೆ ತಾನಾಗಿಯೇ ಹಂಚುವ ಕ್ರಮವು 1993ರಲ್ಲಿಯೇ ಸಿದ್ಧವಾಗಿತ್ತು. ಇದನ್ನು ಡಿ.ಎಚ್.ಸಿ.ಪಿ. ಎನ್ನುತ್ತಾರೆ. ವಿಳಾಸವನ್ನು ಶಾಶ್ವತವಾಗಿ ಕೊಡದೆ ಗೇಣಿಗೆ ಕೊಟ್ಟಂತೆ ಗೊತ್ತಾದ ಅವಧಿಗೆ ಕೊಡುವುದೂ, ಅದರ ಜೊತೆಗೆ ‘ಹೊರಗೆ ಹೋಗಬೇಕಾದರೆ ಇಂಥ ಬಾಗಿಲಿನಿಂದ ಹೋಗತಕ್ಕದ್ದು’ ಎಂದು ತಿಳಿಸುವುದೂ ಇದರ ವಿಶೇಷ.

ಜಗತ್ತಿನ ಕೇಂದ್ರ ಭಂಡಾರದಲ್ಲಿದ್ದ 32 ಬಿಟ್ಟಿನ ವಿಳಾಸಗಳು 2011ರ ಫೆಬ್ರವರಿಯಲ್ಲಿ ಬರಿದಾದವು. ಅಷ್ಟರಲ್ಲಿ ತಾತ್ಕಾಲಿಕವೆನಿಸಿದ್ದ ವಿಳಾಸಾಂತರವು ಪ್ರತಿಯೊಂದು ಮನೆಯ ಪೆಟ್ಟಿಗೆಯಲ್ಲಿಯೂ ಬೇರೂರಿತ್ತು. ಇದರ ಪರಿಣಾಮವಾಗಿ, ಅಂಗಡಿಯಲ್ಲಿ ದೊರೆಯುವ ಪ್ರತಿಯೊಂದು ರೌಟರೂ ತಾನೇ ಮನೆಯ ಏಕಮಾತ್ರ ಶಾನುಭೋಗನೆಂದೂ, ತಾನೇ ಗಡಿಯ ಏಕಮಾತ್ರ ಕಟ್ಟೆಯೆಂದೂ ಭಾವಿಸಿಕೊಂಡು ಬರುತ್ತದೆ. ಮನೆಯಲ್ಲಿ ಆಗಲೇ ಒಬ್ಬನಿದ್ದಾನೆಂಬುದು ಅದಕ್ಕೆ ತಿಳಿಯದು.

5. ತಪ್ಪು ಜೋಡಣೆಯ ಪರಿಣಾಮಗಳು

ರೌಟರಿನ ಹಿಂಬದಿಯಲ್ಲಿ ಎರಡು ಬಗೆಯ ಪೋರ್ಟುಗಳಿರುತ್ತವೆ. ಹೊರಗಿನ ಜಾಲಕ್ಕೆ ಸಲ್ಲುವ ಒಂದನ್ನು ‘ವ್ಯಾನ್’ ಎಂದೂ, ಮನೆಯ ಒಳಗಿನ ಜಾಲಕ್ಕೆ ಸಲ್ಲುವ ಉಳಿದವನ್ನು ‘ಲ್ಯಾನ್’ ಎಂದೂ ಕರೆಯುತ್ತಾರೆ. ಮೊದಲ ರೌಟರಿನ ಲ್ಯಾನ್ ಪೋರ್ಟಿನಿಂದ ತಂತಿಯನ್ನೆಳೆದು ಎರಡನೆಯದರ ವ್ಯಾನ್ ಪೋರ್ಟಿಗೆ ಸಿಕ್ಕಿಸುವುದು ಸಹಜವಾಗಿ ತೋರುವ ಕ್ರಮ. ಹೀಗೆ ಮಾಡಿದರೆ ಮನೆಯ ನಡುವೆಯೇ ಎರಡನೆಯ ಸುಂಕದ ಕಟ್ಟೆಯು ಏಳುತ್ತದೆ. ಹಿಂದಿನ ಕೋಣೆಯಿಂದ ಹೊರಟ ಸಂದೇಶವು ಎರಡು ಸಲ ವಿಳಾಸ ಬದಲಿಸಿಕೊಂಡು ಹೊರಗೆ ಹೋಗುತ್ತದೆ. ಸಾಮಾನ್ಯ ಓದಿಗೆ ಇದರಿಂದ ಬಾಧಕವಾಗದು. ಆದರೆ ಹಜಾರದ ಯಂತ್ರಗಳು ತಾವಾಗಿ ಹಿಂದಿನ ಕೋಣೆಯ ಯಂತ್ರಗಳನ್ನು ತಲಪಲಾರವು. ಒಳಗಿನ ಕಟ್ಟೆಯು ತಾನು ನಿರೀಕ್ಷಿಸದೆ ಬಂದ ಸಂದೇಶವನ್ನು ಒಳಕ್ಕೆ ಬಿಡುವುದಿಲ್ಲ. ಮುದ್ರಣಯಂತ್ರವು ಕಾಣದೆಹೋದುದಕ್ಕೆ ಇದೇ ಕಾರಣ. ಇನ್ನು ಎರಡು ರೌಟರುಗಳೂ ತಮ್ಮ ಒಳಜಾಲಕ್ಕೆ 192.168.1 ಎಂಬ ಒಂದೇ ಶ್ರೇಣಿಯನ್ನು ಇಟ್ಟುಕೊಂಡಿದ್ದರೆ, ಯಾವುದು ಒಳಗು ಯಾವುದು ಹೊರಗೆಂದು ತಿಳಿಯದೆ ಸಂಪರ್ಕವೇ ನಿಂತುಹೋಗಬಹುದು.

ಎರಡನೆಯ ತಪ್ಪು ಇನ್ನೂ ಸೂಕ್ಷ್ಮವಾದುದು. ಎರಡೂ ಕಡೆ ಲ್ಯಾನ್ ಪೋರ್ಟುಗಳನ್ನೇ ಜೋಡಿಸಿ, ಎರಡನೆಯ ರೌಟರಿನ ವಿಳಾಸ ಹಂಚಿಕೆಯನ್ನು ನಿಲ್ಲಿಸದೆ ಬಿಟ್ಟರೆ ಒಂದೇ ಹಳ್ಳಿಗೆ ಇಬ್ಬರು ಶಾನುಭೋಗರಾಗುತ್ತಾರೆ. ಒಬ್ಬನ ಪುಸ್ತಕವನ್ನು ಇನ್ನೊಬ್ಬನು ನೋಡಿಲ್ಲ. ಇಬ್ಬರೂ ಒಂದೇ ವಿಳಾಸವನ್ನು ಇಬ್ಬರು ಒಕ್ಕಲುಗಳ ಹೆಸರಿಗೆ ಬರೆದುಕೊಡಬಹುದು. ಹೊಸದಾಗಿ ಬಂದ ದೂರವಾಣಿಯು ಯಾರು ಮೊದಲು ಉತ್ತರ ಕೊಟ್ಟರೋ ಅವರ ಮಾತನ್ನು ನಂಬುತ್ತದೆ. ಎರಡನೆಯವನು ಉತ್ತರ ಕೊಟ್ಟ ಪಕ್ಷದಲ್ಲಿ, ‘ಹೊರಗೆ ಹೋಗುವ ಬಾಗಿಲು ನಾನೇ’ ಎಂದು ಹೇಳುತ್ತಾನೆ. ಆದರೆ ಅವನ ಬಾಗಿಲಿನ ಹೊರಗೆ ದಾರಿಯೇ ಇಲ್ಲ. ವೈಫೈ ಸಂಪರ್ಕವಿದೆಯೆಂದು ತೋರಿಸುತ್ತಲೇ ಅಂತರ್ಜಾಲವು ದೊರೆಯದಿರುವುದೂ, ಒಮ್ಮೆ ನಡೆದುದು ಇನ್ನೊಮ್ಮೆ ನಡೆಯದಿರುವುದೂ ಇದರಿಂದಲೇ.

6. ಸರಿಯಾದ ಕ್ರಮ

ಮೇಲಿನ ವಿವೇಚನೆಯಿಂದ ಸೂತ್ರವು ತಾನಾಗಿಯೇ ಹೊರಡುತ್ತದೆ: ಬಾನುಲಿ ಕೇಂದ್ರಗಳು ಎಷ್ಟಾದರೂ ಇರಲಿ, ಶಾನುಭೋಗನೂ ಗಡಿಯ ಕಟ್ಟೆಯೂ ಒಂದೊಂದೇ ಇರಬೇಕು. ಇದನ್ನು ಆಚರಣೆಗೆ ತರುವ ಬಗೆ ಹೀಗಿದೆ.

(ಅ) ಮೊದಲ ರೌಟರಿನ ಒಳ ವಿಳಾಸವನ್ನೂ ಅದು ಹಂಚುವ ವಿಳಾಸಗಳ ಮೇರೆಯನ್ನೂ ತಿಳಿದುಕೊಳ್ಳಬೇಕು. ಅದರ ವಿಳಾಸ 192.168.1.1 ಎಂದೂ, ಅದು 192.168.1.100ರಿಂದ 199ರ ವರೆಗೆ ಹಂಚುತ್ತದೆಂದೂ ಭಾವಿಸೋಣ.

(ಆ) ಎರಡನೆಯ ರೌಟರನ್ನು ಮನೆಯ ಜಾಲಕ್ಕೆ ಸೇರಿಸದೆ, ಒಂದು ಗಣಕಕ್ಕೆ ಮಾತ್ರ ತಂತಿಯಿಂದ ಜೋಡಿಸಿ ಅದರ ವ್ಯವಸ್ಥಾಪುಟವನ್ನು ತೆರೆಯಬೇಕು. ಅದರ ವಿಳಾಸವನ್ನು 192.168.1.2 ಎಂದು ಬದಲಿಸಬೇಕು. ಇದು ಮೊದಲನೆಯದರ ಶ್ರೇಣಿಗೆ ಸೇರಿದ್ದರೂ ಅದು ಹಂಚುವ ಮೇರೆಯ ಹೊರಗಿದೆ. ಆದುದರಿಂದ ಬೇರೊಬ್ಬರಿಗೆ ಹೋಗುವ ಭಯವಿಲ್ಲ.

(ಇ) ಎರಡನೆಯದರ ಡಿ.ಎಚ್.ಸಿ.ಪಿ.ಯನ್ನು ನಿಲ್ಲಿಸಬೇಕು. ಇಡೀ ಕ್ರಮದಲ್ಲಿ ಮರೆಯಲಾಗದ ಹೆಜ್ಜೆಯಿದು.

(ಈ) ವೈಫೈಯ ಹೆಸರನ್ನೂ ಗುಪ್ತಪದವನ್ನೂ ಮೊದಲನೆಯದರಂತೆಯೇ ಇಡಬಹುದು. ರಕ್ಷಣೆಗೆ 2004ರ ಡಬ್ಲ್ಯೂ.ಪಿ.ಎ.2 ಅಥವಾ 2018ರ ಡಬ್ಲ್ಯೂ.ಪಿ.ಎ.3 ಪದ್ಧತಿಯನ್ನೇ ಆರಿಸಬೇಕು. ಹಳೆಯ ಯಂತ್ರಗಳಲ್ಲಿ ಕಾಣುವ ಡಬ್ಲ್ಯೂ.ಇ.ಪಿ. ಎಂಬ ಪದ್ಧತಿಯ ದೌರ್ಬಲ್ಯವು 2001ರಲ್ಲಿಯೇ ಬಯಲಾಗಿದೆ. ವ್ಯವಸ್ಥಾಪುಟದ ಗುಪ್ತಪದವನ್ನೂ ಕಾರ್ಖಾನೆಯಿಂದ ಬಂದಂತೆಯೇ ಬಿಡಲಾಗದು.

(ಉ) ಕಡೆಯಲ್ಲಿ, ಮೊದಲನೆಯದರ ಲ್ಯಾನ್ ಪೋರ್ಟಿಗೂ ಎರಡನೆಯದರ ಲ್ಯಾನ್ ಪೋರ್ಟಿಗೂ ತಂತಿಯನ್ನು ಜೋಡಿಸಬೇಕು. ವ್ಯಾನ್ ಪೋರ್ಟು ಬರಿದಾಗಿಯೇ ಇರಲಿ.

ಈಚಿನ ಅನೇಕ ರೌಟರುಗಳಲ್ಲಿ ‘ಆಕ್ಸೆಸ್ ಪಾಯಿಂಟ್’ ಎಂಬ ಆಯ್ಕೆಯಿರುತ್ತದೆ. ಅದನ್ನು ಆರಿಸಿದರೆ ಮೇಲಿನ ಬದಲಾವಣೆಗಳನ್ನು ಯಂತ್ರವೇ ಮಾಡಿಕೊಳ್ಳುತ್ತದೆ. ತಂತಿಯನ್ನು ಯಾವ ಪೋರ್ಟಿಗೆ ಸೇರಿಸಬೇಕೆಂಬುದನ್ನು ಅದರ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ತಂತಿಗೆ ಕ್ಯಾಟ್ 5ಇ ದರ್ಜೆಯ ಕೇಬಲು ಸಾಕು. ಅದರ ಉದ್ದವು 100 ಮೀಟರಿನ ಒಳಗಿರಬೇಕು. ಮೂಲೆಯಲ್ಲಿದ್ದ ಹಳೆಯ ರೌಟರನ್ನು ಈ ಕೆಲಸಕ್ಕೆ ಬಳಸುವವರು ಅದರ ಪೋರ್ಟಿನ ವೇಗವನ್ನು ನೋಡುವುದು ಒಳ್ಳೆಯದು. ಪೋರ್ಟು 100 ಮೆಗಾಬಿಟ್ಟಿನದಾದರೆ, ಸಂಪರ್ಕವು ಎಷ್ಟು ವೇಗದ್ದಾದರೂ ಆ ಕೋಣೆಗೆ ಅದಕ್ಕಿಂತ ಹೆಚ್ಚು ಬರಲಾರದು.

ಎರಡು ಕಟ್ಟೆಗಳು ಉದ್ದೇಶಪೂರ್ವಕವಾಗಿಯೇ ಬೇಕಾಗುವ ಸಂದರ್ಭವೂ ಉಂಟು. ಮಹಡಿಯ ಬಾಡಿಗೆದಾರರೊಡನೆ ಒಂದೇ ಸಂಪರ್ಕವನ್ನು ಹಂಚಿಕೊಳ್ಳುವಾಗ ಪ್ರತ್ಯೇಕತೆಯು ಅಪೇಕ್ಷಣೀಯ. ಆದರೆ ಎರಡನೆಯ ಕಟ್ಟೆಯು ರಕ್ಷಿಸುವುದು ತನ್ನ ಒಳಗಿರುವವರನ್ನು ಮಾತ್ರ. ಒಳಗಿನವರು ಹೊರಗಿನ ಜಾಲದ ಯಂತ್ರಗಳನ್ನು ತಲಪಬಲ್ಲರು. ಆದಕಾರಣ ಯಾರಿಗೆ ರಕ್ಷಣೆ ಬೇಕೋ ಅವರು ಎರಡನೆಯ ಕಟ್ಟೆಯ ಒಳಗಿರಬೇಕು.

7. ಅಲೆಗಳ ಸಹಬಾಳ್ವೆ

ಎರಡು ಬಾನುಲಿ ಕೇಂದ್ರಗಳು ಅಕ್ಕಪಕ್ಕದಲ್ಲಿದ್ದಾಗ ಒಂದರ ಮಾತಿಗೆ ಇನ್ನೊಂದು ಅಡ್ಡಬರುವ ಸಮಸ್ಯೆಯೂ ಇದೆ. ಇದರ ಮೊದಲ ಪಾಠವು ಹವಾಯಿ ದ್ವೀಪಗಳಲ್ಲಿ ದೊರೆಯಿತು. ಅಲ್ಲಿಯ ವಿಶ್ವವಿದ್ಯಾನಿಲಯದ ನಾರ್ಮನ್ ಅಬ್ರಾಮ್‌ಸನ್ ಮತ್ತು ಅವರ ಸಹೋದ್ಯೋಗಿಗಳು 1971ರಲ್ಲಿ ಅಲೋಹಾನೆಟ್ ಎಂಬ ಜಾಲವನ್ನು ಆರಂಭಿಸಿ, ದ್ವೀಪಗಳಲ್ಲಿ ಚದುರಿದ್ದ ಉಪಕರಣಗಳನ್ನು ಕೇಂದ್ರದ ಗಣಕಕ್ಕೆ ರೇಡಿಯೋ ಮೂಲಕ ಜೋಡಿಸಿದರು. ಎಲ್ಲರಿಗೂ ಒಂದೇ ಆವರ್ತಾಂಕ. ಇಬ್ಬರು ಒಟ್ಟಿಗೆ ಮಾತನಾಡಿ ಸಂದೇಶ ಕೆಟ್ಟರೆ, ಇಬ್ಬರೂ ಬೇರೆ ಬೇರೆ ಕಾಲ ತಡೆದು ಮತ್ತೆ ಕಳುಹಿಸುವುದು ಅಲ್ಲಿಯ ನಿಯಮ. ಇಂದಿನ ವೈಫೈ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಮಾತನಾಡುವ ಮೊದಲು ಬೇರೆಯವರು ಮಾತನಾಡುತ್ತಿರುವರೇ ಎಂದು ಆಲಿಸುತ್ತದೆ. ಆದುದರಿಂದ ಎರಡು ರೌಟರುಗಳೂ ಒಂದೇ ಚಾನೆಲಿನಲ್ಲಿದ್ದರೆ ಒಬ್ಬರಿಗಾಗಿ ಒಬ್ಬರು ಕಾಯುತ್ತಾ ಎರಡೂ ನಿಧಾನವಾಗುತ್ತವೆ. 2.4 ಗಿಗಾಹರ್ಟ್ಸಿನಲ್ಲಿ ಚಾನೆಲುಗಳ ನಡುವಣ ಅಂತರ 5 ಮೆಗಾಹರ್ಟ್ಸ್ ಮಾತ್ರ. ಒಂದು ಪ್ರಸಾರಕ್ಕೆ ಬೇಕಾಗುವ ಅಗಲವಾದರೋ ಸುಮಾರು 20 ಮೆಗಾಹರ್ಟ್ಸ್. ಈ ಕಾರಣದಿಂದ 1, 6, 11 ಎಂಬ ಮೂರು ಚಾನೆಲುಗಳೇ ಒಂದನ್ನೊಂದು ತುಳಿಯದೆ ಇರಬಲ್ಲವು. ಮೊದಲನೆಯದು 1ರಲ್ಲಿದ್ದರೆ ಎರಡನೆಯದನ್ನು 6 ಅಥವಾ 11ರಲ್ಲಿಡುವುದು ಯುಕ್ತ.

ಹಜಾರದಿಂದ ಕೋಣೆಗೆ ನಡೆದುಹೋಗುವಾಗ ಯಾವ ಕೇಂದ್ರವನ್ನು ಹಿಡಿಯಬೇಕೆಂಬ ನಿರ್ಧಾರ ಮುಖ್ಯವಾಗಿ ದೂರವಾಣಿಯದು, ರೌಟರಿನದಲ್ಲ. ಕೆಲವು ದೂರವಾಣಿಗಳು ಕ್ಷೀಣವಾದ ಹಳೆಯ ಅಲೆಯನ್ನೇ ಬಹಳ ಹೊತ್ತು ಹಿಡಿದಿರುತ್ತವೆ. ಆಗ ವೈಫೈಯನ್ನು ಒಮ್ಮೆ ಆರಿಸಿ ಮತ್ತೆ ಹಾಕಿದರೆ ಸಾಕು.

ಗೋಡೆ ಕೊರೆದು ತಂತಿಯೆಳೆಯಲಾಗದ ಮನೆಗಳಲ್ಲಿ ಅಲೆಯನ್ನು ಕೇಳಿ ಮತ್ತೆ ನುಡಿಯುವ ರಿಪೀಟರುಗಳನ್ನು ಬಳಸುತ್ತಾರೆ. ಒಂದೇ ಚಾನೆಲಿನಲ್ಲಿ ಕೇಳುವುದನ್ನೂ ನುಡಿಯುವುದನ್ನೂ ಸರದಿಯ ಮೇಲೆ ಮಾಡುವ ರಿಪೀಟರಿನಲ್ಲಿ ವೇಗವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಇದನ್ನು ಅಲೆಯಿಲ್ಲದ ಕೋಣೆಯಲ್ಲಿಡುವುದು ಸಾಮಾನ್ಯವಾದ ತಪ್ಪು. ತಾನು ಕೇಳದುದನ್ನು ಅದು ನುಡಿಯಲಾರದು. ಆದುದರಿಂದ ಅಲೆಯು ಇನ್ನೂ ಚೆನ್ನಾಗಿರುವ ನಡುದಾರಿಯಲ್ಲಿ ಅದನ್ನಿಡಬೇಕು. ‘ಮೆಶ್’ ಎಂಬ ಹೆಸರಿನ ಜೋಡಿಗಳಲ್ಲಿ ಕೆಲವು ತಮ್ಮೊಳಗಿನ ಮಾತಿಗೆ ಪ್ರತ್ಯೇಕ ರೇಡಿಯೋವನ್ನು ಇಟ್ಟುಕೊಂಡು ಈ ನಷ್ಟವನ್ನು ತಗ್ಗಿಸುತ್ತವೆ. ಆದರೂ ತಂತಿಗೆ ಸಮನಾದುದು ತಂತಿಯೇ.

8. ಉಪಸಂಹಾರ

ವಿಳಾಸಗಳ ಅಭಾವಕ್ಕೆ ಶಾಶ್ವತ ಪರಿಹಾರವಾಗಿ 128 ಬಿಟ್ಟಿನ ಹೊಸ ಪದ್ಧತಿಯೊಂದು 1995ರಲ್ಲಿಯೇ ಪ್ರಕಟವಾಯಿತು. ಅದರಲ್ಲಿ ಮನೆಯ ಪ್ರತಿಯೊಂದು ಯಂತ್ರಕ್ಕೂ ಜಗತ್ತಿನಲ್ಲೆಲ್ಲ ಸಲ್ಲುವ ವಿಳಾಸವು ದೊರೆಯಬಹುದಾದುದರಿಂದ ವಿಳಾಸಾಂತರದ ಅಗತ್ಯವೇ ಇಲ್ಲ. ಭಾರತದಲ್ಲಿ ಅದು ವ್ಯಾಪಕವಾಗಿ ಬಳಕೆಯಲ್ಲಿದ್ದರೂ ಹಳೆಯ ಪದ್ಧತಿಯು ಅದರ ಪಕ್ಕದಲ್ಲಿಯೇ ನಡೆದುಬರುತ್ತಿದೆ. ಅಲ್ಪಾವಧಿಗೆಂದು ಕಟ್ಟಿದ ಕಟ್ಟೆಯು ಮೂವತ್ತು ವರ್ಷಗಳನ್ನು ಮೀರಿ ನಿಂತಿದೆ. ರಾಜ್ಯಗಳು ಅಳಿದ ಮೇಲೂ ಅವುಗಳ ಕಂದಾಯದ ಪದ್ಧತಿಗಳು ಉಳಿದುಬಂದುದನ್ನು ಓದಿದ ಇತಿಹಾಸದ ವಿದ್ಯಾರ್ಥಿಗೆ ಇದು ವಿಚಿತ್ರವೆನಿಸಲಾರದು.

ಪ್ರಕೃತ ಲೇಖಕನ ಮನೆಯಲ್ಲಿ ಕಡೆಗೆ ಹೊಸ ಯಂತ್ರವೇನೂ ಬೇಕಾಗಲಿಲ್ಲ. ಎರಡನೆಯ ರೌಟರಿನ ವಿಳಾಸವನ್ನು ಬದಲಿಸಿ, ಅದರ ಹಂಚಿಕೆಯನ್ನು ನಿಲ್ಲಿಸಿ, ತಂತಿಯನ್ನು ಒಂದು ಪೋರ್ಟಿನಿಂದ ಪಕ್ಕದ ಪೋರ್ಟಿಗೆ ಸರಿಸಿದ್ದಷ್ಟೆ. ಮುದ್ರಣಯಂತ್ರವು ಹಜಾರದವರಿಗೂ ಕಾಣಿಸಿತು. ಮುಂದಿನ ಗೋಷ್ಠಿಯ ಪ್ರಬಂಧವನ್ನು ಹಿಂದಿನ ಕೋಣೆಯಲ್ಲಿಯೇ ಕುಳಿತು ಕೊನೆಯವರೆಗೆ ಓದುವುದು ಸಾಧ್ಯವಾಯಿತು. ಎರಡನೆಯ ರೌಟರಿಗಾಗಿ ಹಣ ವೆಚ್ಚಮಾಡಿ ನಿರಾಶರಾದ ವಾಚಕರು ಅದನ್ನು ಮೂಲೆಗೆ ಹಾಕುವ ಮೊದಲು ಅದರ ಡಿ.ಎಚ್.ಸಿ.ಪಿ. ನಿಂತಿದೆಯೇ, ತಂತಿಯು ಯಾವ ಪೋರ್ಟಿನಲ್ಲಿದೆ ಎಂಬ ಎರಡು ಸಂಗತಿಗಳನ್ನು ಪರಿಶೀಲಿಸಿ ನೋಡಬೇಕೆಂದು ಪ್ರಾರ್ಥನೆ.